ತಾಯಿಯಿಲ್ಲದ ಹತ್ತು ವರ್ಷದ ಮಗಳಿಗೆ ಮುಟ್ಟಿನ ಬಗ್ಗೆ ತಂದೆ ಹೇಗೆ ಹೇಳಬೇಕು?

ಹೆಂಡತಿ ತೀರಿಕೊಂಡಿದ್ದಾರೆ, ಮಗಳು ಐದನೆಯ ತರಗತಿಯಲ್ಲಿದ್ದಾಳೆ, ಮಗ ಎಂಟನೆಯ ತರಗತಿಯಲ್ಲಿದ್ದಾನೆ, ಮುಟ್ಟಿನ ಮಾತು ಎತ್ತಿದರೆ ನಿಮ್ಮ ತಾಯಿ ‘ಆದಾಗ ನೋಡಿಕೊಂಡರಾಯಿತು, ಗಂಡಸರಿಗೇಕೆ ಅದೆಲ್ಲ’ ಎನ್ನುತ್ತಾರೆ ಎಂದು ಬರೆದಿದ್ದೀರಿ. ತಂದೆಯಾದವನು ಹೇಳಬಹುದೇ ಎಂಬುದು ನಿಮ್ಮ ಪ್ರಶ್ನೆ. ಹೇಳಲೇಬೇಕು, ಅದೂ ಆಗುವ ಮೊದಲೇ. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನಾವು ತರಗತಿಯಲ್ಲಿ ಈ ಪಾಠ ಮಾಡುವ ಹೊತ್ತಿಗೆ ಅನೇಕ ಹುಡುಗಿಯರು ಆಗಲೇ ಮೈನೆರೆದಿರುತ್ತಾರೆ.

ಒಮ್ಮೆ ಊಟದ ಗಂಟೆ ಹೊಡೆದು ಎಲ್ಲರೂ ಹೊರಟರೂ ಒಬ್ಬ ಹುಡುಗಿ ಮಾತ್ರ ಬೆಂಚು ಬಿಟ್ಟು ಏಳಲಿಲ್ಲ. ಪಕ್ಕದಲ್ಲಿ ಕುಳಿತು ಕೇಳಿದಾಗ, ‘ಮಿಸ್, ಒಳಗೆ ಏನೋ ಗಾಯವಾಗಿದೆ, ಮನೆಯಲ್ಲಿ ಹೇಳಬೇಡಿ’ ಎಂದು ಪಿಸುಗುಟ್ಟಿದಳು. ಬೆಳಿಗ್ಗೆಯಿಂದ ನೀರು ಕುಡಿದಿರಲಿಲ್ಲ, ಶೌಚಾಲಯಕ್ಕೆ ಹೋಗಿರಲಿಲ್ಲ, ಯಾರೋ ಹೊಡೆಯುತ್ತಾರೆ ಎನ್ನುವ ಹಾಗೆ ಮುದುಡಿ ಕುಳಿತಿದ್ದಳು. ಅವಳ ಮನೆಯಲ್ಲಿ ಅಮ್ಮ, ಅಜ್ಜಿ, ಚಿಕ್ಕಮ್ಮ ಎಲ್ಲರೂ ಇದ್ದರು. ಮನೆಯಲ್ಲಿ ಹೆಂಗಸರಿದ್ದರೆ ಹೆಣ್ಣುಮಕ್ಕಳಿಗೆ ಎಲ್ಲವೂ ತಾನಾಗಿ ತಿಳಿಯುತ್ತದೆ ಎಂಬ ನಂಬಿಕೆ ನನಗೆ ಅಂದಿಗೇ ಹೋಯಿತು. ಮಗುವಿಗೆ ಬೇಕಾದದ್ದು ನಂಬಿಕಸ್ಥ ದೊಡ್ಡವರೊಬ್ಬರ ಬಾಯಿಂದ ನೇರವಾದ ಮಾತು. ನಿಮ್ಮ ಮಗಳ ಪಾಲಿಗೆ ಆ ದೊಡ್ಡವರು ನೀವು.

ಸಾಮಾನ್ಯವಾಗಿ ಹತ್ತರಿಂದ ಹದಿನೈದು ವರ್ಷದೊಳಗೆ ಮೊದಲ ಮುಟ್ಟು ಬರುತ್ತದೆ. ಎದೆ ಮೂಡಲು ಶುರುವಾದ ಎರಡು ಮೂರು ವರ್ಷಕ್ಕೆ ಎಂದು ಸ್ಥೂಲವಾಗಿ ಲೆಕ್ಕ ಹಾಕಬಹುದು. ಅದಕ್ಕೆ ಕೆಲವು ತಿಂಗಳ ಮೊದಲು ಒಳಚಡ್ಡಿಯಲ್ಲಿ ಬಿಳಿಯ ಸ್ರಾವ ಕಾಣಿಸುವುದುಂಟು. ರಜೆಯ ದಿನ, ಅಜ್ಜಿಯನ್ನೂ ಕೂರಿಸಿಕೊಂಡು, ಒಂದು ಪ್ಯಾಕೆಟ್ ಪ್ಯಾಡ್ ತಂದು ಮಾತು ಶುರುಮಾಡಿ. ‘ಹೆಣ್ಣುಮಕ್ಕಳ ಹೊಟ್ಟೆಯ ಕೆಳಭಾಗದಲ್ಲಿ ಗರ್ಭಕೋಶ ಇರುತ್ತದೆ. ದೊಡ್ಡವಳಾದ ಮೇಲೆ ತಿಂಗಳಿಗೊಮ್ಮೆ ಅದರೊಳಗೆ ಒಂದು ಪದರ ಬೆಳೆಯುತ್ತದೆ. ಮಗು ನಿಲ್ಲದಿದ್ದರೆ ಆ ಪದರ ರಕ್ತದ ಜೊತೆ ಹೊರಬರುತ್ತದೆ. ಅಮ್ಮನಿಗೂ ಬರುತ್ತಿತ್ತು, ಅಜ್ಜಿಗೂ ಬರುತ್ತಿತ್ತು. ಇದು ಗಾಯವಲ್ಲ, ಕಾಯಿಲೆಯಲ್ಲ.’ ಮೊದಲ ದಿನಕ್ಕೆ ಇಷ್ಟು ಸಾಕು.

ಆಮೇಲೆ ಪ್ಯಾಡನ್ನು ಅವಳ ಕೈಗೇ ಕೊಡಿ. ಹಿಂಬದಿಯ ಕಾಗದ ಕಿತ್ತು, ಅಂಟಿರುವ ಕಡೆ ಒಳಚಡ್ಡಿಯ ಬಟ್ಟೆಗೆ ಬರುವಂತೆ ಒತ್ತಿ, ಎರಡು ಪಕ್ಕದ ರೆಕ್ಕೆಗಳನ್ನು ಕೆಳಕ್ಕೆ ಮಡಚುವುದನ್ನು ಅವಳೇ ಮಾಡಿ ನೋಡಲಿ. ಒಂದು ಚಮಚ ನೀರಿಗೆ ಚಿಟಿಕೆ ಕುಂಕುಮ ಕದಡಿ ಅದರ ಮೇಲೆ ಸುರಿದು, ಹೇಗೆ ಹೀರಿಕೊಳ್ಳುತ್ತದೆ ಎಂದು ತೋರಿಸಿ. ಒಂದು ಮುಟ್ಟಿನಲ್ಲಿ ಹೋಗುವ ರಕ್ತ ಒಟ್ಟಾರೆ 30–40 ಮಿಲಿಲೀಟರ್‌ನಷ್ಟು ಎಂದು ಅಳೆದು ತೋರಿಸಿದರೆ ನನ್ನ ವಿದ್ಯಾರ್ಥಿನಿಯರ ಮುಖದಲ್ಲಿನ ಗಾಬರಿ ಅರ್ಧ ಇಳಿಯುತ್ತದೆ. ಮೊದಲ ಸಲ ಕೆಂಪು ರಕ್ತವೇ ಬರಬೇಕೆಂದಿಲ್ಲ, ತುಕ್ಕಿನ ಬಣ್ಣದ ಕಲೆಯೂ ಇರಬಹುದು. ಇದನ್ನು ಮರೆಯದೆ ಹೇಳಿ, ಅನೇಕ ಮಕ್ಕಳು ಅದನ್ನು ಕೊಳೆ ಎಂದು ತಿಳಿದು ಉಜ್ಜಿ ತೊಳೆದು ಸುಮ್ಮನಾಗುತ್ತಾರೆ. ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಾಯಿಸಬೇಕು, ಬಳಸಿದ್ದನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಬೇಕು, ಶೌಚದ ಗುಂಡಿಗೆ ಎಸೆಯಬಾರದು. ಬಟ್ಟೆ ಬಳಸುವುದೂ ತಪ್ಪಲ್ಲ, ಆದರೆ ಸೋಪು ಹಾಕಿ ಒಗೆದು ಬಿಸಿಲಿನಲ್ಲೇ ಒಣಗಿಸಬೇಕು; ಸೀರೆಯ ಮರೆಯಲ್ಲಿ, ಕತ್ತಲೆ ಮೂಲೆಯಲ್ಲಿ ಅಲ್ಲ. ಎರಡು ಪ್ಯಾಡು, ಒಂದು ಒಳಚಡ್ಡಿ, ಒಂದು ಹಳೆಯ ಪತ್ರಿಕೆಯ ಹಾಳೆ ಈಗಿನಿಂದಲೇ ಶಾಲೆಯ ಬ್ಯಾಗಿನಲ್ಲಿರಲಿ. ಸರ್ಕಾರಿ ಶಾಲೆಯಾದರೆ ಶುಚಿ ಯೋಜನೆಯ ಉಚಿತ ಪ್ಯಾಡುಗಳ ಬಗ್ಗೆ ಶಿಕ್ಷಕಿಯನ್ನು ಕೇಳಿ.

ನಿಮ್ಮ ತಾಯಿಯ ವಿಷಯ. ಮೊಮ್ಮಗಳು ದೊಡ್ಡವಳಾದರೆ ಆರತಿ ಮಾಡಬೇಕು, ಚಿಗಳಿ ಕಟ್ಟಿ ಕೊಡಬೇಕು ಎಂಬ ಆಸೆ ಅವರಿಗಿರಬಹುದು. ಎಳ್ಳು ಬೆಲ್ಲದ ಚಿಗಳಿಯನ್ನು ಧಾರಾಳವಾಗಿ ಕೊಡಲಿ. ಊರನ್ನೆಲ್ಲ ಕರೆದು ಆರತಿ ಮಾಡುವುದು ಬೇಕೋ ಬೇಡವೋ ಎಂದು ಹುಡುಗಿಯನ್ನು ಕೇಳಿ, ಅವಳು ಬೇಡವೆಂದರೆ ಬಿಟ್ಟುಬಿಡಿ. ಹೊರಗೆ ಕೂರಿಸುವುದಕ್ಕೆ ಮಾತ್ರ ಒಪ್ಪಲೇಬೇಡಿ. 2023ರಲ್ಲಿ ತುಮಕೂರು ಬಳಿಯ ಗೊಲ್ಲರಹಟ್ಟಿಯೊಂದರಲ್ಲಿ ಸೂತಕವೆಂದು ಬಾಣಂತಿಯನ್ನೂ ಎಳೆಗೂಸನ್ನೂ ಮಳೆಯಲ್ಲಿ ಊರ ಹೊರಗಿನ ಗುಡಿಸಲಲ್ಲಿ ಇಟ್ಟು ಆ ಕೂಸು ಸತ್ತ ಸುದ್ದಿ ನೀವೂ ಓದಿರುತ್ತೀರಿ. ನಮ್ಮ ಮನೆಗಳಲ್ಲಿ ಚಾಪೆ ಬೇರೆ, ತಟ್ಟೆ ಬೇರೆ ಮಾಡುವುದೂ ಅದೇ ನಂಬಿಕೆಯಿಂದಲೇ.

ಮಗನನ್ನು ಬಿಡಬೇಡಿ. ತಂಗಿಗೆ ಏನಾಗುತ್ತದೆ ಎಂದು ಅವನಿಗೂ ತಿಳಿದಿರಲಿ, ಅಂಗಡಿಯಿಂದ ಪ್ಯಾಡ್ ತರಲು ಅವನನ್ನೂ ಕಳಿಸಿ. ಅವನದ್ದೇ ಪ್ರಶ್ನೆಗಳೂ ಇರುತ್ತವೆ. ನಿದ್ದೆಯಲ್ಲಿ ವೀರ್ಯ ಹೋಗುವುದು ಆ ವಯಸ್ಸಿಗೆ ಸಹಜ, ಅದರಿಂದ ಶಕ್ತಿ ಕುಂದುವುದಿಲ್ಲ ಎಂದು ನೀವು ಹೇಳದಿದ್ದರೆ ಬಸ್ ನಿಲ್ದಾಣದ ಗೋಡೆಯ ‘ಗುಪ್ತರೋಗ’ದ ಜಾಹೀರಾತು ಇನ್ನೇನೋ ಹೇಳುತ್ತದೆ, ಮೊಬೈಲ್ ಅದಕ್ಕಿಂತ ಕೆಟ್ಟದ್ದನ್ನು ತೋರಿಸುತ್ತದೆ.

‘ಇದನ್ನೆಲ್ಲ ಹೇಳಿದರೆ ಮಕ್ಕಳು ಕೆಡುತ್ತಾರೆ’ ಎಂಬ ಮಾತು ಬಂದೇ ಬರುತ್ತದೆ. ಹಲವು ದೇಶಗಳ ಅಧ್ಯಯನಗಳನ್ನು ನೋಡಿ ಯುನೆಸ್ಕೋ 2018ರಲ್ಲಿ ಹೊರತಂದ ಮಾರ್ಗಸೂಚಿ ಇದನ್ನು ಅಲ್ಲಗಳೆದಿದೆ: ಲೈಂಗಿಕ ಶಿಕ್ಷಣದಿಂದ ಮಕ್ಕಳ ಲೈಂಗಿಕ ಚಟುವಟಿಕೆ ಹೆಚ್ಚುವುದಿಲ್ಲ. ಮಗು ಹೇಗೆ ಹುಟ್ಟುತ್ತದೆ ಎಂದು ಮಗಳು ಕೇಳಿದರೆ ಅವಳ ವಯಸ್ಸಿಗೆ ತಕ್ಕಷ್ಟು ನಿಜವನ್ನೇ ಹೇಳಿ. ಯಾರಾದರೂ, ನೆಂಟರೇ ಆಗಿರಲಿ, ಅವಳ ಮೈ ಮುಟ್ಟಿದರೆ ತಪ್ಪು ಅವಳದ್ದಲ್ಲ, ನಿಮಗೆ ಹೇಳಿದರೆ ನೀವು ನಂಬುತ್ತೀರಿ ಎಂಬುದು ಅವಳಿಗೆ ಮೊದಲೇ ಗೊತ್ತಿರಬೇಕು. ಮಕ್ಕಳ ಸಹಾಯವಾಣಿ 1098 ಅವಳಿಗೆ ಬಾಯಿಪಾಠವಾಗಿರಲಿ. ಹದಿಮೂರು ಹದಿನಾಲ್ಕಕ್ಕೆ ಬಂದಾಗ ಇಬ್ಬರಿಗೂ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯ ಬಗ್ಗೆ ಹೇಳಿ: ಲೈಂಗಿಕ ಸಂಪರ್ಕಕ್ಕೆ ಹದಿನೆಂಟರ ಒಳಗಿನವರು ಕೊಡುವ ಒಪ್ಪಿಗೆಯನ್ನು ಕಾನೂನು ಒಪ್ಪಿಗೆಯೆಂದು ಪರಿಗಣಿಸುವುದಿಲ್ಲ.

ಶುರುವಾದ ಮೊದಲೆರಡು ವರ್ಷ ಮುಟ್ಟು ಹಿಂದುಮುಂದಾಗುವುದು ಸಾಮಾನ್ಯ. ಆ ವಯಸ್ಸಿನಲ್ಲಿ 45 ದಿನದವರೆಗಿನ ಅಂತರಕ್ಕೆ ಹೆದರಬೇಕಿಲ್ಲ. ಆದರೆ ಏಳು ದಿನ ದಾಟಿದರೂ ನಿಲ್ಲದಿದ್ದರೆ, ಗಂಟೆ ಎರಡು ಗಂಟೆಗೊಂದು ಪ್ಯಾಡ್ ತೊಯ್ದರೆ, ಮೂರು ತಿಂಗಳು ಬಾರದಿದ್ದರೆ, ಶಾಲೆ ತಪ್ಪಿಸುವಷ್ಟು ಹೊಟ್ಟೆನೋವಿದ್ದರೆ, ಹದಿನೈದಾದರೂ ಶುರುವಾಗದಿದ್ದರೆ ವೈದ್ಯರಿಗೆ ತೋರಿಸಿ. ‘ಮದುವೆಯಾದರೆ ಸರಿಹೋಗುತ್ತದೆ’ ಎಂಬ ಮಾತನ್ನು ಯಾರಿಂದಲೂ ಕೇಳಬೇಡಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್‌ಗಳಿವೆ, ಆಶಾ ಕಾರ್ಯಕರ್ತೆಯನ್ನು ಕೇಳಿದರೆ ನಿಮಗೆ ಹತ್ತಿರದ್ದು ಯಾವುದೆಂದು ತಿಳಿಯುತ್ತದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆಯನ್ನು ಅವಳು ಊಟವಾದ ಮೇಲೆ ನುಂಗಲಿ, ಕಿಟಕಿಯಾಚೆ ಎಸೆಯುವವರ ಗುಂಪಿಗೆ ಸೇರದಿರಲಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19ರ ಹುಡುಗಿಯರಲ್ಲಿ ಶೇ 59ರಷ್ಟು ಮಂದಿಗೆ ರಕ್ತಹೀನತೆಯಿದೆ.

ವೈದ್ಯರ ಬಳಿ ಹೋದಾಗ ಎಚ್‌ಪಿವಿ ಲಸಿಕೆಯ ಬಗ್ಗೆಯೂ ಕೇಳಿ. ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಈ ಲಸಿಕೆಗೆ ಒಂಬತ್ತರಿಂದ ಹದಿನಾಲ್ಕು ವರ್ಷವೇ ಒಳ್ಳೆಯ ವಯಸ್ಸು, ನಿಮ್ಮ ಮಗಳಿಗೆ ಈಗಲೇ ಹಾಕಿಸಬಹುದು.