ರಾತ್ರಿ 8.30ರ ಕಾಲ್ ಮತ್ತು ಮಗಳ ಅಳು

ಇದು ಹಟ ಅಲ್ಲ, ಬಹುಶಃ ಮಧ್ಯಾಹ್ನದ ನಿದ್ದೆಯ ಎಡವಟ್ಟು. ಟೀಮ್ ಲೀಡ್ ಆದಮೇಲೆ ಕ್ಯಾಲಿಫೋರ್ನಿಯಾದವರ ಜೊತೆ 8.30ಕ್ಕೆ ಕಾಲ್, ಆ ಹೊತ್ತಿಗೇ ಎರಡು ವರ್ಷದ ಮಗಳು ಅಳುತ್ತಾಳೆ, ಮನೆಯವರು ಎತ್ತಿಕೊಂಡರೂ ನಿಲ್ಲಿಸಲ್ಲ ಅಂದಿದ್ದೀರಿ.

ಡೇಕೇರ್‌ನಲ್ಲಿ ಎಷ್ಟು ಗಂಟೆವರೆಗೆ ಮಲಗುತ್ತಾಳೆ ಅಂತ ಮೊದಲು ಕೇಳಿ. ನಮ್ಮವನು ನಾಲ್ಕೂವರೆವರೆಗೆ ಮಲಗಿಬಿಡುತ್ತಿದ್ದ. ಮೂರಕ್ಕೇ ಎಬ್ಬಿಸಿ ಅಂದಮೇಲೆ ಎಂಟಕ್ಕೆ ಅನ್ನದ ತಟ್ಟೆ ಮುಂದೆಯೇ ತೂಕಡಿಸತೊಡಗಿದ. ಹಾಗಾಗಿ ಊಟವನ್ನು ಏಳಕ್ಕೆ ತಂದುಕೊಳ್ಳಿ.

ಆಮೇಲೆ ಮಲಗಿಸುವ ಕೆಲಸ ಮನೆಯವರಿಗೆ ಬಿಡಿ. ಕಾಲ್ ಇಲ್ಲದ ಶನಿವಾರ ಶುರು ಮಾಡಿ. ಮೂರ್ನಾಲ್ಕು ದಿನ ರಂಪ ಇರುತ್ತದೆ, ಜಾಸ್ತಿಯೂ ಆಗಬಹುದು. ಬಾಗಿಲ ಸಂದಿಯಿಂದ ಮಾತ್ರ ಇಣುಕಬೇಡಿ. ನಾನು ಇಣುಕಿ ಒಂದು ವಾರದ ಶ್ರಮ ಹಾಳು ಮಾಡಿಕೊಂಡೆ.

ಕಿವಿ ಹಿಡಿದುಕೊಂಡು ಅಳುತ್ತಿದ್ದರೆ ಇದ್ಯಾವುದೂ ಬೇಡ, ಡಾಕ್ಟರಿಗೆ ತೋರಿಸಿ.

ಕಾಲ್ ಸಮಯ ಬದಲಿಸಲು ನವೆಂಬರ್‌ಗೆ ಮುಂಚೆಯೇ ಕೇಳಿ. ಅಲ್ಲಿ ಚಳಿಗಾಲಕ್ಕೆ ಎಲ್ಲರೂ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ, ಆಗ ನಿಮ್ಮ 8.30 ಸುಮ್ನೆ 9.30 ಆಗುತ್ತದೆ, ಅಲ್ವಾ? ವಾರಕ್ಕೆರಡು ದಿನ ನಮ್ಮ ಬೆಳಿಗ್ಗೆ 7.30 ಆಗುತ್ತದಾ ಅಂತ ಕೇಳಿ. ಚಳಿಗಾಲದಲ್ಲಿ ಅವರಿಗೆ ಅದು ಸಂಜೆ 6. ಒಪ್ಪುತ್ತಾರೆ ಅಂತ ಗ್ಯಾರಂಟಿ ಕೊಡಲಾರೆ, ನಮ್ಮಲ್ಲಿ ಒಂದು ದಿನಕ್ಕೆ ಒಪ್ಪಿದರು.