ಟ್ರ್ಯಾಕ್‌ಗೆ ಯಾವುದು: ಪೋರ್ಷೆ ಜಿಟಿ3 ಆರ್‌ಎಸ್, ಹುರಾಕಾನ್ ಎಸ್‌ಟಿಒ?

ಪ್ರಶ್ನೆ: ಟ್ರ್ಯಾಕ್‌ನಲ್ಲಿ ಓಡಿಸಲೆಂದೇ ಒಂದು ಕಾರು ಕೊಳ್ಳುತ್ತಿದ್ದೇನೆ. ಪೋರ್ಷೆ 911 ಜಿಟಿ3 ಆರ್‌ಎಸ್‌ಗೆ (992 ಸರಣಿ) 525 ಅಶ್ವಶಕ್ತಿ, ಲ್ಯಾಂಬೋರ್ಗಿನಿ ಹುರಾಕಾನ್ ಎಸ್‌ಟಿಒಗೆ 640. ತೂಕದಲ್ಲೂ ಎಸ್‌ಟಿಒ ನೂರು ಕೆ.ಜಿ.ಗಿಂತ ಹೆಚ್ಚು ಹಗುರ. ಆದರೂ ಗೊತ್ತಿದ್ದವರು ಪೋರ್ಷೆ ತೆಗೆದುಕೊಳ್ಳಿ ಅನ್ನುತ್ತಾರೆ. ಯಾಕೆ?

ಉತ್ತರ: ಮೊದಲು ತೂಕದ ಲೆಕ್ಕ ಸರಿ ಮಾಡಿಕೊಳ್ಳೋಣ. ಎಸ್‌ಟಿಒಗೆ ಕಂಪನಿ ಹೇಳುವ 1,339 ಕೆ.ಜಿ. ಒಣ ತೂಕ. ಅದರಲ್ಲಿ ಪೆಟ್ರೋಲ್, ಆಯಿಲ್, ಕೂಲೆಂಟ್ ಯಾವುದೂ ಸೇರಿಲ್ಲ. ಪೋರ್ಷೆಯ 1,450 ಕೆ.ಜಿ. ಎಲ್ಲ ದ್ರವಗಳನ್ನೂ ತುಂಬಿ, ಓಡಿಸಲು ತಯಾರಾದ ಕಾರಿನ ತೂಕ. ಪಿಟ್‌ನಿಂದ (ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಜಾಗ) ಹೊರಡುವ ಹೊತ್ತಿಗೆ ಆ ಅಂತರ ಬಹುಪಾಲು ಉಳಿದಿರುವುದಿಲ್ಲ.

ಶಕ್ತಿಯ ಅಂತರ ಮಾತ್ರ ನಿಜ. ಎರಡೂ ಟರ್ಬೊ ಇಲ್ಲದ ಎಂಜಿನ್‌ಗಳು, ಎರಡರಲ್ಲೂ ಹಿಂದಿನ ಚಕ್ರಗಳಿಗಷ್ಟೇ ಚಾಲನೆ. ಎಸ್‌ಟಿಒದ 5.2 ಲೀಟರ್ ವಿ10 ಎಂಜಿನ್ 565 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಟ್ಟರೆ ಪೋರ್ಷೆಯ 4 ಲೀಟರ್ ಎಂಜಿನ್ ಕೊಡುವುದು 465. ಗರಿಷ್ಠ ವೇಗ ಎಸ್‌ಟಿಒದ್ದು 310 ಕಿ.ಮೀ., ಜಿಟಿ3 ಆರ್‌ಎಸ್‌ನದ್ದು 296. ನೇರ ದಾರಿಯಲ್ಲಿ ಪೋರ್ಷೆ ಹಿಂದೆ ಬೀಳುತ್ತದೆ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಲ್ಯಾಪ್ ಸಮಯ ನಿರ್ಧಾರವಾಗುವುದು ವೇಗದ ತಿರುವಿಗೆ ಮುಂಚೆ ಎಷ್ಟು ತಡವಾಗಿ ಬ್ರೇಕ್ ಒತ್ತುತ್ತೀರಿ, ಒಳಗೆ ಎಷ್ಟು ವೇಗ ಒಯ್ಯುತ್ತೀರಿ ಎಂಬುದರಲ್ಲಿ. ಅಲ್ಲಿ ಗೆಲ್ಲಿಸುವುದು ಡೌನ್‌ಫೋರ್ಸ್, ಅಂದರೆ ಗಾಳಿ ಕಾರನ್ನು ನೆಲಕ್ಕೆ ಒತ್ತುವ ಬಲ. ಜಿಟಿ3 ಆರ್‌ಎಸ್‌ನದು 200 ಕಿ.ಮೀ. ವೇಗದಲ್ಲಿ 409 ಕೆ.ಜಿ., 285ರಲ್ಲಿ 860 ಕೆ.ಜಿ. ಎಸ್‌ಟಿಒದ್ದು 280ರಲ್ಲಿ 420 ಕೆ.ಜಿ. ಈ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ, ಅಂದರೆ ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಹಾಗೆ ಲೆಕ್ಕ ಹಾಕಿದರೆ 200ರಲ್ಲಿ ಎಸ್‌ಟಿಒಗೆ ಸಿಗುವುದು ಸುಮಾರು 215 ಕೆ.ಜಿ., ಪೋರ್ಷೆಯ ಅರ್ಧದಷ್ಟು. ಇದೇ ಲೆಕ್ಕ 100 ಕಿ.ಮೀ.ಗೆ ಇಳಿಸಿ ನೋಡಿ: ಒಂದಕ್ಕೆ ಸುಮಾರು 100 ಕೆ.ಜಿ., ಇನ್ನೊಂದಕ್ಕೆ 55ರ ಆಸುಪಾಸು. ಚಾಲಕನಿಗೆ ಗೊತ್ತೇ ಆಗದಷ್ಟು ಸಣ್ಣ ವ್ಯತ್ಯಾಸ. ಹಾಗಾಗಿ ನೀವು ಹೋಗುವ ಟ್ರ್ಯಾಕ್ ಬರೀ ಎರಡನೇ, ಮೂರನೇ ಗೇರಿನ ಬಿಗಿ ತಿರುವುಗಳದ್ದಾದರೆ ಪೋರ್ಷೆಯ ದೊಡ್ಡ ರೆಕ್ಕೆಗೆ ಕೆಲಸವಿಲ್ಲ, ವಿ10 ಎಂಜಿನ್ನಿನದೇ ಮೇಲುಗೈ. 150 ಕಿ.ಮೀ. ಮೀರಿದ ತಿರುವುಗಳು ನಾಲ್ಕೈದಿದ್ದರೂ ಸಾಕು, ಲೆಕ್ಕ ತಿರುಗಿಬೀಳುತ್ತದೆ.

ರೆಕ್ಕೆ ಕೆಲಸ ಮಾಡುವ ರೀತಿಯೂ ಬೇರೆ. ಎಸ್‌ಟಿಒದ ಹಿಂದಿನ ರೆಕ್ಕೆಗೆ ಮೂರು ಸ್ಥಾನಗಳಿವೆ. ಕಾರು ನಿಲ್ಲಿಸಿ ಕೈಯಿಂದಲೇ ಬದಲಿಸಬೇಕು. ಕೋನ ಹೆಚ್ಚಿಸಿದಷ್ಟೂ ವೇಗದ ತಿರುವಿನಲ್ಲಿ ಹಿಂಭಾಗ ಗಟ್ಟಿಯಾಗಿ ಕೂರುತ್ತದೆ, ಮೂತಿ ತಿರುಗಲು ಸ್ವಲ್ಪ ಹಟ ಮಾಡುತ್ತದೆ. ಪೋರ್ಷೆಯಲ್ಲಿ ಮುಂದಿನ, ಹಿಂದಿನ ರೆಕ್ಕೆಗಳು ತಾವಾಗಿಯೇ ಚಲಿಸುತ್ತವೆ. ನೇರ ದಾರಿಯಲ್ಲಿ ಚಪ್ಪಟೆಯಾಗಿ ಗಾಳಿಗೆ ದಾರಿ ಬಿಡುತ್ತವೆ, ಹೆಚ್ಚಿನ ವೇಗದಲ್ಲಿ ಜೋರಾಗಿ ಬ್ರೇಕ್ ಒತ್ತಿದರೆ ಪೂರ್ತಿ ಎದ್ದು ನಿಂತು ಗಾಳಿಯನ್ನೇ ಬ್ರೇಕ್ ಮಾಡಿಕೊಳ್ಳುತ್ತವೆ. ಬ್ರೇಕ್ ಹಾಕಿದಾಗ ಮೂತಿ ಕೆಳಗೆ ಮುಳುಗದಂತೆ ಮುಂದಿನ ಸಸ್ಪೆನ್ಷನ್ ತೋಳುಗಳ ಜೋಡಣೆಯನ್ನೂ ಬದಲಿಸಿದ್ದಾರೆ. ಮೂತಿ ಮುಳುಗಿದರೆ ಡೌನ್‌ಫೋರ್ಸ್ ಮುಂದಕ್ಕೆ ಜಾರಿ, ಹಿಂಭಾಗ ಹಗುರಾಗಿ ಅಲುಗಾಡುತ್ತದೆ. ಹಾಗಾಗದಂತೆ ತಡೆದಿರುವುದರಿಂದಲೇ ತಡವಾಗಿ ಬ್ರೇಕ್ ಒತ್ತಲು ಧೈರ್ಯ ಬರುತ್ತದೆ.

ತಪ್ಪಾದಾಗ ಎರಡೂ ನಡೆದುಕೊಳ್ಳುವ ರೀತಿ ತಿಳಿದಿರಲಿ. 911ರ ಎಂಜಿನ್ ಹಿಂದಿನ ಆಕ್ಸಲ್‌ನ ಆಚೆಗಿದೆ. ತಿರುವಿನ ನಡುವೆ ಹೆದರಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಭಾರ ಮುಂದಕ್ಕೆ ಸರಿದು ಹಿಂದಿನ ಚಕ್ರಗಳು ಹಿಡಿತ ಬಿಡುತ್ತವೆ. ಎಸ್‌ಟಿಒದಲ್ಲಿ ಎಂಜಿನ್ ನಡುವೆ ಇರುವುದರಿಂದ ಕಾರು ಚುರುಕಾಗಿ ತಿರುಗುತ್ತದೆ, ಹಿಡಿತ ತಪ್ಪಿದರೆ ಅಷ್ಟೇ ಚುರುಕಾಗಿ ಸುತ್ತುತ್ತದೆ. ಸ್ಟೀರಿಂಗ್ ತಿದ್ದಲು ಸಿಗುವ ಸಮಯ ಕಡಿಮೆ.

ಒಂದೇ ಕಾರು ಕೊಳ್ಳುವುದಾದರೆ, ಲ್ಯಾಪ್ ಮೇಲೆ ಲ್ಯಾಪ್ ಓಡಿಸಿ ಕಲಿಯುವ ಆಸೆ ನಿಮಗಿದ್ದರೆ, ಜಿಟಿ3 ಆರ್‌ಎಸ್ ತೆಗೆದುಕೊಳ್ಳಿ.

ಪ್ರಶ್ನೆ: ಜಿಟಿ3 ಆರ್‌ಎಸ್ ಸ್ಟೀರಿಂಗ್ ಮೇಲೆ ನಾಲ್ಕು ತಿರುಗುಗುಂಡಿಗಳಿವೆ. ಸಸ್ಪೆನ್ಷನ್, ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಭಾಗ) ಎಲ್ಲ ಬದಲಿಸಬಹುದಂತೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲ ದಿನ ಯಾವುದನ್ನೂ ಮುಟ್ಟಬೇಡಿ. ಟ್ರ್ಯಾಕ್ ಮೋಡ್‌ನಲ್ಲಿ ಕಂಪನಿ ಕೊಟ್ಟ ಮಟ್ಟದಲ್ಲೇ ಓಡಿಸಿ, ಕಾರು ಯಾವ ತಿರುವಿನ ಯಾವ ಭಾಗದಲ್ಲಿ ಹಟ ಮಾಡುತ್ತದೆಂದು ಬರೆದಿಟ್ಟುಕೊಳ್ಳಿ. ಬದಲಿಸುವಾಗ ಒಂದು ಸಲಕ್ಕೆ ಒಂದೇ ಅಂಶ, ಒಂದೇ ಹಂತ. ತಿರುವಿಗೆ ಇಳಿಯುವಾಗ ಹಿಂಭಾಗ ಅಲುಗಾಡಿದರೆ, ಆಕ್ಸಿಲರೇಟರ್ ಬಿಟ್ಟಾಗಿನ ಡಿಫರೆನ್ಷಿಯಲ್ ಲಾಕ್ ಒಂದು ಹಂತ ಹೆಚ್ಚಿಸಿ. ಕಾರು ನೆಟ್ಟಗಾಗುತ್ತದೆ, ಆದರೆ ತಿರುಗುವ ಉತ್ಸಾಹ ತುಸು ತಗ್ಗುತ್ತದೆ. ತಿರುವಿನಿಂದ ಹೊರಬರುತ್ತಾ ಮೂತಿ ಹೊರಕ್ಕೆ ಎಳೆದರೆ ಹಿಂಭಾಗ ಕುಸಿದು ಮುಂಭಾಗ ಹಗುರಾಗುತ್ತಿರಬಹುದು. ಹಿಂದಿನ ಡ್ಯಾಂಪರ್‌ನ (ಶಾಕ್ ಅಬ್ಸಾರ್ಬರ್) ಕಂಪ್ರೆಷನ್, ಅಂದರೆ ಅದು ಕುಗ್ಗುವಾಗ ಒಡ್ಡುವ ತಡೆ, ಒಂದು ಹಂತ ಗಟ್ಟಿ ಮಾಡಿ. ಅಂಚಿನ ಕರ್ಬ್ ಮೇಲೆ ಹತ್ತಿದಾಗ ಕಾರು ನೆಗೆದರೆ ಕಂಪ್ರೆಷನ್ ಮೆದು ಮಾಡಿ.

ಇವೆಲ್ಲಕ್ಕೂ ಮುಂಚೆ ಟೈರ್ ಬಿಸಿಯಾಗಿರಬೇಕು. ತಣ್ಣಗಿನ ಟೈರ್‌ನಲ್ಲಿ ಮಾಡಿದ ಹೊಂದಾಣಿಕೆ ಮೂರನೇ ಲ್ಯಾಪ್‌ಗೆ ಉಲ್ಟಾ ಹೊಡೆಯುತ್ತದೆ.

ಪ್ರಶ್ನೆ: ನಾಲ್ಕೈದು ಲ್ಯಾಪ್ ಆಗುವಷ್ಟರಲ್ಲಿ ಬ್ರೇಕ್ ಪೆಡಲ್ ಮೆತ್ತಗಾಗಿ ಕೆಳಕ್ಕೆ ಹೋಗುತ್ತದೆ. ರೇಸ್ ಪ್ಯಾಡ್ ಹಾಕಿಸಿದರೆ ಸರಿಹೋಗುತ್ತದೆಯೇ?

ಉತ್ತರ: ಇಲ್ಲ, ನಿಮ್ಮದು ಫ್ಲೂಯಿಡ್‌ನ, ಅಂದರೆ ಪೆಡಲ್‌ನ ಒತ್ತಡವನ್ನು ಬ್ರೇಕಿಗೆ ಒಯ್ಯುವ ದ್ರವದ ತೊಂದರೆ. ಪೆಡಲ್ ಮೆತ್ತಗಾಗಿ ಇಳಿದರೆ ಬ್ರೇಕ್ ಫ್ಲೂಯಿಡ್ ಕುದಿದು ಆವಿಯ ಗುಳ್ಳೆ ಎದ್ದಿದೆ ಎಂದರ್ಥ. ಪೆಡಲ್ ಗಟ್ಟಿಯಾಗೇ ಇದ್ದು ಕಾರು ನಿಲ್ಲದಿದ್ದರೆ ಮಾತ್ರ ಪ್ಯಾಡ್ ಕಾದು ಸೋತಿದೆ. ಇವೆರಡನ್ನೂ ಬೆರೆಸಿಕೊಂಡು ಸುಮ್ಮನೆ ದುಡ್ಡು ಸುರಿಯುವವರೇ ಹೆಚ್ಚು.

ಚಾಲಕನೂ ಸೇರಿ 1,550 ಕೆ.ಜಿ. ತೂಗುವ ಕಾರನ್ನು 280ರಿಂದ 100 ಕಿ.ಮೀ.ಗೆ ಇಳಿಸಿದರೆ ಸುಮಾರು 40 ಲಕ್ಷ ಜೂಲ್ ಶಕ್ತಿ ಕರಗಬೇಕು. 13 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು. ಗಾಳಿಯ ತಡೆ ನುಂಗುವ ಪಾಲು ಬಿಟ್ಟರೆ ಮಿಕ್ಕಿದ್ದೆಲ್ಲ ಬ್ರೇಕಿಗೆ, ಅದೂ ಪ್ರತಿ ಲ್ಯಾಪ್‌ನಲ್ಲಿ. ಡಾಟ್ 4 ದರ್ಜೆಯ ಬ್ರೇಕ್ ಫ್ಲೂಯಿಡ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ತಾಳಬೇಕು, ತೇವ ಹೀರಿಕೊಂಡ ಮೇಲೆ ಮಾನದಂಡ ಕೇಳುವುದು ಬರೀ 155 ಡಿಗ್ರಿ. ಅದು ಗಾಳಿಯಲ್ಲಿನ ತೇವವನ್ನು ತಾನಾಗಿಯೇ ಎಳೆದುಕೊಳ್ಳುತ್ತದೆ, ಕಾರು ನಿಂತಲ್ಲೇ ಇದ್ದರೂ. ಹೊಸದಿದ್ದಾಗ 300 ಡಿಗ್ರಿಗಿಂತ ಹೆಚ್ಚು ತಾಳುವ ರೇಸಿಂಗ್ ಫ್ಲೂಯಿಡ್ ಹಾಕಿಸಿ, ಸೀಲು ಒಡೆಯದ ಡಬ್ಬಿಯದ್ದೇ ಆಗಿರಲಿ. ವರ್ಷಕ್ಕೊಮ್ಮೆಯಾದರೂ ಪೂರ್ತಿ ಬದಲಿಸಿ. ಪ್ಯಾಡ್ ಅರ್ಧ ಸವೆದಾಗಲೇ ತೆಗೆಸಿಬಿಡಿ, ತೆಳುವಾದಷ್ಟೂ ಬಿಸಿ ನೇರವಾಗಿ ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್‌ಗೆ, ಅಲ್ಲಿಂದ ಫ್ಲೂಯಿಡ್‌ಗೆ ದಾಟುತ್ತದೆ.

ಕೊನೆಯ ಒಂದು ಲ್ಯಾಪ್ ಬ್ರೇಕ್ ಮುಟ್ಟದಷ್ಟು ನಿಧಾನವಾಗಿ ಓಡಿಸಿ ಒಳಗೆ ಬನ್ನಿ. ನಿಲ್ಲಿಸಿದ ಮೇಲೆ ಪೆಡಲ್ ಒತ್ತಿ ಹಿಡಿಯಬೇಡಿ, ಹ್ಯಾಂಡ್‌ಬ್ರೇಕ್ ಹಾಕಬೇಡಿ. ಚಕ್ರಕ್ಕೆ ಅಡ್ಡ ಕೊಡಿ.

ಪ್ರಶ್ನೆ: ಟೈರ್‌ಗೆ ಎಷ್ಟು ಗಾಳಿ?

ಉತ್ತರ: ನೋಡಬೇಕಾದ್ದು ಬಿಸಿ ಟೈರ್‌ನ ಒತ್ತಡ. ಟೈರ್ ಒಳಗಿನ ಗಾಳಿ 10 ಡಿಗ್ರಿ ಬಿಸಿಯಾದರೆ ಒತ್ತಡ ಸುಮಾರು 0.1 ಬಾರ್ ಏರುತ್ತದೆ. ಬೆಳಿಗ್ಗೆ 20 ಡಿಗ್ರಿಯಲ್ಲಿ ತುಂಬಿದ್ದು 70ಕ್ಕೆ ಹೋದರೆ ಅರ್ಧ ಬಾರ್ ಹೆಚ್ಚು. ಕಾರಿನ ಕೈಪಿಡಿ ಟ್ರ್ಯಾಕ್‌ಗೆಂದು ಹೇಳುವ ಬಿಸಿ ಒತ್ತಡವನ್ನು ಗುರಿಯಿಟ್ಟುಕೊಂಡು, ಪಿಟ್‌ಗೆ ಬಂದ ಕೂಡಲೇ ನಾಲ್ಕೂ ಅಳೆದು ಹೆಚ್ಚಿನದ್ದನ್ನು ಬಿಡಿ. ಹೆಚ್ಚು ಕೆಲಸ ಮಾಡುವ ಬದಿಯ ಟೈರ್‌ಗಳು ಹೆಚ್ಚು ಏರಿರುತ್ತವೆ, ಹಾಗಾಗಿ ನಾಲ್ಕಕ್ಕೂ ಒಂದೇ ಲೆಕ್ಕ ಬೇಡ. ರಸ್ತೆಗೆ ಇಳಿಯುವ ಮುನ್ನ ಮತ್ತೆ ತುಂಬಿಸಲು ಮಾತ್ರ ಮರೆಯಬೇಡಿ. ತಣ್ಣಗಾದ ಮೇಲೆ ಆ ಟೈರ್‌ಗಳಲ್ಲಿ ಅಪಾಯ ಎನಿಸುವಷ್ಟು ಕಡಿಮೆ ಗಾಳಿ ಇರುತ್ತದೆ.

ಪ್ರಶ್ನೆ: ಬಳಸಿದ ಎಸ್‌ಟಿಒ ನೋಡುತ್ತಿದ್ದೇನೆ. ಮುಖ್ಯವಾಗಿ ಏನು ಪರೀಕ್ಷಿಸಲಿ?

ಉತ್ತರ: ಡಿಸ್ಕ್. ಎಸ್‌ಟಿಒಗೆ ಬರುವುದು ಕಾರ್ಬನ್ ಸೆರಾಮಿಕ್ ಬ್ರೇಕ್, ನಾಲ್ಕು ಡಿಸ್ಕ್ ಬದಲಿಸುವ ಖರ್ಚು ಇಡೀ ವ್ಯವಹಾರವನ್ನೇ ಕೆಡಿಸಬಲ್ಲದು. ಜಿಟಿ3 ಆರ್‌ಎಸ್‌ಗೆ ಮಾಮೂಲಾಗಿ ಬರುವುದು ಎರಕದ ಕಬ್ಬಿಣದ ಡಿಸ್ಕ್, ಸೆರಾಮಿಕ್ ಬೇಕೆಂದರೆ ಹೆಚ್ಚು ದುಡ್ಡು. ಟ್ರ್ಯಾಕ್‌ಗೆ ಹೋಗುವ ಬಹಳಷ್ಟು ಜನ ಕಬ್ಬಿಣದಲ್ಲೇ ಉಳಿಯುವುದು ಬದಲಿಸುವ ಖರ್ಚಿಗೆ ಹೆದರಿ. ಸೆರಾಮಿಕ್ ಡಿಸ್ಕ್ ದಪ್ಪ ಹಾಗೇ ಇದ್ದೂ ಹಾಳಾಗಿರಬಹುದು, ಯಾಕೆಂದರೆ ವಿಪರೀತ ಕಾದಾಗ ಒಳಗಿನ ಕಾರ್ಬನ್ ಉರಿದುಹೋಗುತ್ತದೆ. ಅಳತೆಯ ಉಪಕರಣದಿಂದ ದಪ್ಪ ನೋಡಿದರೆ ಇಲ್ಲಿ ಸಾಲದು. ಅಧಿಕೃತ ಸರ್ವಿಸ್‌ನಲ್ಲಿ ಡಿಸ್ಕ್ ಬಿಚ್ಚಿಸಿ, ಕಂಪನಿ ಹೇಳುವ ಕ್ರಮದಲ್ಲೇ ಸವೆತ ಅಳೆಸಿ ಬರಹದಲ್ಲಿ ತೆಗೆದುಕೊಳ್ಳಿ. ಮೇಲ್ಮೈ ಒರಟಾಗಿ ನಾರು ಎದ್ದಂತೆ ಕಂಡರೆ, ಅಂಚಿನಲ್ಲಿ ಚೂರು ಹಾರಿದ್ದರೆ, ನಾಲ್ಕು ಡಿಸ್ಕ್‌ಗಳ ಬೆಲೆ ಕಳೆದೇ ಚೌಕಾಸಿ ಶುರು ಮಾಡಿ.