ಗ್ರಾಫಿಕ್ಸ್ ಕಾರ್ಡ್ ಬಿಸಿಯಾಗುತ್ತಿದೆ, ಕೂಲರ್ ಬದಲಿಸಲಾ?

ಪ್ರಶ್ನೆ: ನನ್ನ ಗ್ರಾಫಿಕ್ಸ್ ಕಾರ್ಡ್‌ಗೆ ಐದು ವರ್ಷ. ಗೇಮ್ ಶುರು ಮಾಡಿದ ಹತ್ತೇ ನಿಮಿಷಕ್ಕೆ 84 ಡಿಗ್ರಿ ಮುಟ್ಟುತ್ತದೆ. ಫ್ಯಾನ್ ಸದ್ದು ಹೆಡ್‌ಫೋನ್ ಹಾಕಿಕೊಂಡರೂ ಕೇಳುತ್ತದೆ. ಕಾರ್ಡ್ ಜೊತೆ ಬಂದ ಕೂಲರ್ ತೆಗೆದು ಬೇರೆ ದೊಡ್ಡದು ಹಾಕಬೇಕು ಅಂದುಕೊಂಡಿದ್ದೇನೆ. ನಾನೇ ಮಾಡಬಹುದಾ?

ಉತ್ತರ: ಖಂಡಿತ ಮಾಡಬಹುದು. ಆದರೆ ಹೊಸದು ಕೊಳ್ಳುವ ಮೊದಲು ಹಳೆಯದನ್ನೇ ಒಮ್ಮೆ ಬಿಚ್ಚಿ ನೋಡಿ. 84 ಡಿಗ್ರಿ ಅಂದರೆ ಕಾರ್ಡ್ ಸಾಯುತ್ತಿದೆ ಅಂತಲ್ಲ. ಎನ್‌ವಿಡಿಯಾದ ಹಲವು ಕಾರ್ಡ್‌ಗಳು 83ರ ಹತ್ತಿರ ಬಂದಾಗ ತಾವೇ ವೇಗ ತಗ್ಗಿಸಿಕೊಳ್ಳುತ್ತವೆ. ಐದು ವರ್ಷದಲ್ಲಿ ಚಿಪ್‌ನ ಶಾಖವನ್ನು ಕೂಲರ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿರುತ್ತದೆ, ಆ ಶಾಖವನ್ನು ಗಾಳಿಗೆ ಬಿಡುವ ಲೋಹದ ಭಾಗವಾದ ಹೀಟ್‌ಸಿಂಕ್‌ನ ತಗಡುಗಳ ನಡುವೆ ಧೂಳು ಗಟ್ಟಿಯಾಗಿ ಕೂತಿರುತ್ತದೆ. ಫ್ಯಾನ್ ಸಂದಿಯಲ್ಲಿ ಟಾರ್ಚ್ ಬಿಟ್ಟರೆ ಕಾಣುತ್ತದೆ. ಎಷ್ಟೋ ಸಲ ಧೂಳು ತೆಗೆದು ಪೇಸ್ಟ್ ಬದಲಿಸಿದರೆ ಸಾಕು, ಕೂಲರ್ ಬೇಕಾಗುವುದೇ ಇಲ್ಲ. ವಾರಂಟಿ ಇನ್ನೂ ಇದ್ದರೆ ಮಾತ್ರ ಷರತ್ತು ಓದದೆ ಸ್ಕ್ರೂ ಮುಟ್ಟಬೇಡಿ.

ಅಷ್ಟಕ್ಕೂ ಸದ್ದು ಹೋಗದಿದ್ದರೆ ನನಗೆ ಇಷ್ಟವಾದ ದಾರಿ ಇನ್ನೊಂದಿದೆ. ಹೀಟ್‌ಸಿಂಕ್ ಹಾಗೇ ಇರಲಿ. ಮೇಲಿನ ಪ್ಲಾಸ್ಟಿಕ್ ಕವಚ, ಚಿಕ್ಕ ಫ್ಯಾನ್‌ಗಳು ಇಷ್ಟನ್ನೇ ತೆಗೆದು, 120 ಮಿ.ಮೀ.ನ ಎರಡು ಕೇಸ್ ಫ್ಯಾನ್‌ಗಳನ್ನು ಕೇಬಲ್ ಟೈನಲ್ಲಿ ಬಿಗಿಯಿರಿ. ದೊಡ್ಡ ಫ್ಯಾನ್ ನಿಧಾನವಾಗಿ ತಿರುಗಿದರೂ ಗಾಳಿ ಜಾಸ್ತಿ ಕೊಡುತ್ತದೆ. ಕಾರ್ಡ್ ಮೇಲಿನ ಫ್ಯಾನ್ ಕನೆಕ್ಟರ್ ಮದರ್‌ಬೋರ್ಡ್‌ನದಕ್ಕಿಂತ ಚಿಕ್ಕದಿರುತ್ತದೆ, ಹಾಗಾಗಿ ಅಡಾಪ್ಟರ್ ವೈರ್ ಬೇಕು.

ಪೂರ್ತಿ ಕೂಲರನ್ನೇ ಬದಲಿಸುವುದಾದರೆ, ಚಿಪ್ ಸುತ್ತಲಿನ ನಾಲ್ಕು ತೂತುಗಳ ಅಂತರವನ್ನು ಅಳೆದುಕೊಂಡೇ ಕೊಳ್ಳಿ. ಎಲ್ಲ ಕಾರ್ಡ್‌ಗೂ ಒಂದೇ ಅಳತೆ ಇರುವುದಿಲ್ಲ. ದೊಡ್ಡ ಕೂಲರ್ ಮೂರು ಸ್ಲಾಟ್ ಜಾಗ ತಿನ್ನಬಹುದು, ಕೇಸ್‌ನಲ್ಲಿ ಹಿಡಿಸುತ್ತಾ ನೋಡಿ.

ಈಗ ನಾನು ಮುಖ್ಯವಾಗಿ ಹೇಳಬೇಕಾದದ್ದು. ಕೂಲರ್ ಅಂದರೆ ನಡುವಿನ ದೊಡ್ಡ ಚಿಪ್‌ಗೆ ಮಾತ್ರ ಅಲ್ಲ. ಸುತ್ತ ಇರುವ ಮೆಮೊರಿ ಚಿಪ್‌ಗಳೂ ಅಷ್ಟೇ ಕಾಯುತ್ತವೆ, ವಿದ್ಯುತ್ ಒದಗಿಸುವ ಭಾಗವೂ ಕಾಯುತ್ತದೆ. ಮೊದಲ ಸಲ ಕೂಲರ್ ಬದಲಿಸಿದಾಗ ನನ್ನ ಕಾರ್ಡ್ 62 ಡಿಗ್ರಿಗೆ ಇಳಿಯಿತು. ತುಂಬಾ ಖುಷಿಪಟ್ಟೆ. ಮುಕ್ಕಾಲು ಗಂಟೆ ಕಳೆಯುವಷ್ಟರಲ್ಲಿ ಪರದೆ ತುಂಬ ಹಸಿರು ಚೌಕಗಳು. ಮತ್ತೆ ಬಿಚ್ಚಿದೆ. ಒತ್ತಿ ಕೂತ ಥರ್ಮಲ್ ಪ್ಯಾಡ್ (ಶಾಖ ದಾಟಿಸಲು ಚಿಪ್ ಮತ್ತು ಕೂಲರ್ ನಡುವೆ ಇಡುವ ಮೆತ್ತನೆ ಪಟ್ಟಿ) ಮೇಲೆ ಮೆಮೊರಿ ಚಿಪ್‌ನ ಚೌಕಾಕಾರದ ಅಚ್ಚು ಮೂಡಿರುತ್ತದೆ, ಅಲ್ವಾ? ಎರಡು ಪ್ಯಾಡ್‌ಗಳಲ್ಲಿ ಅಚ್ಚೇ ಇರಲಿಲ್ಲ, ಹಾಕಿದಾಗಿನ ಹಾಗೇ ನುಣ್ಣಗಿದ್ದವು. ಅಂದರೆ ಲೋಹ ಅವನ್ನು ಮುಟ್ಟಿಯೇ ಇರಲಿಲ್ಲ. ಅಲ್ಲಿ ಬೇಕಿದ್ದದ್ದು 1.5 ಮಿ.ಮೀ. ಪ್ಯಾಡ್, ನಾನು ಎಲ್ಲ ಕಡೆಗೂ 1 ಮಿ.ಮೀ.ನದೇ ಹಾಕಿದ್ದೆ. ಹಾಗಂತ ಸುಮ್ನೆ ದಪ್ಪದ್ದು ಹಾಕಿದರೂ ಆಗುವುದಿಲ್ಲ. ಆಗ ಕೂಲರ್ ಎತ್ತಿ ಕೂತು ನಡುವಿನ ಚಿಪ್‌ಗೇ ಸರಿಯಾಗಿ ತಾಗುವುದಿಲ್ಲ. ಹಳೇ ಕೂಲರನ್ನೇ ಮತ್ತೆ ಕೂರಿಸುವುದಾದರೆ ಹಳೇ ಪ್ಯಾಡ್‌ಗಳನ್ನು ಎಸೆಯದೆ, ಒತ್ತು ಬೀಳದ ಅಂಚಿನ ದಪ್ಪ ಅಳೆಯಿರಿ. ಹೊಸದಕ್ಕೆ ಅದರ ಕೈಪಿಡಿಯಲ್ಲಿ ಹೇಳಿದ ದಪ್ಪವೇ ಆಗಬೇಕು. ಕೆಲವು ಕೂಲರ್‌ಗಳು ಮೆಮೊರಿಯನ್ನು ಮುಟ್ಟುವುದೇ ಇಲ್ಲ. ಅಂಥವಕ್ಕೆ ಪುಟ್ಟ ಹೀಟ್‌ಸಿಂಕ್‌ಗಳನ್ನು ಒಂದೊಂದಾಗಿ ಅಂಟಿಸಬೇಕು.

ಬಿಚ್ಚುವ ಮೊದಲು ಹತ್ತು ನಿಮಿಷ ಗೇಮ್ ಓಡಿಸಿ, ಪೇಸ್ಟ್ ಮೆತ್ತಗಾಗಲಿ. ಆಮೇಲೆ ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು ಕಾರ್ಡ್ ಹೊರಗೆ ತೆಗೆಯಿರಿ. ಸ್ಕ್ರೂ ಬಿಚ್ಚಿದ ಮೇಲೂ ಕೂಲರ್ ಅಂಟಿಕೊಂಡೇ ಇರುತ್ತದೆ. ಮೇಲಕ್ಕೆ ಎಳೆಯಬೇಡಿ, ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ತಿರುಗಿಸಿ. ಬಿಟ್ಟುಕೊಂಡ ಕೂಡಲೇ ಎತ್ತಿಬಿಡಬೇಡಿ, ಕೆಳಗೆ ಫ್ಯಾನ್ ವೈರ್ ಇನ್ನೂ ಸಿಕ್ಕಿಕೊಂಡಿರುತ್ತದೆ. ಗ್ರಾಫಿಕ್ಸ್ ಚಿಪ್ ಮೇಲೆ ಸಾಮಾನ್ಯವಾಗಿ ಲೋಹದ ಮುಚ್ಚಳ ಇರುವುದಿಲ್ಲ. ಕನ್ನಡಿ ತರಹ ಹೊಳೆಯುವ ಆ ಸಿಲಿಕಾನ್‌ನ ಮೂಲೆ ಚೂರು ಚಕ್ಕೆ ಎದ್ದರೂ ಕಾರ್ಡ್ ಹೋಗಬಹುದು. ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಏನನ್ನೂ ಕೆರೆಯಬೇಡಿ. ಹೊಸ ಪೇಸ್ಟ್ ಚಿಪ್‌ನ ಮೇಲ್ಮೈ ಪೂರ್ತಿ ತೆಳ್ಳಗೆ ಮುಚ್ಚಬೇಕು. ಸ್ಕ್ರೂಗಳನ್ನು ಎದುರು ಬದುರು ಮೂಲೆಯಂತೆ, ಒಂದೊಂದು ಸುತ್ತು ಬಿಗಿಯುತ್ತಾ ಬನ್ನಿ.

ಮೊದಲ ಅರ್ಧ ಗಂಟೆ ಕಾರ್ಡ್‌ನ ತಾಪಮಾನದ ಜೊತೆ ಹಾಟ್‌ಸ್ಪಾಟ್ (ಚಿಪ್‌ನಲ್ಲಿ ಅತಿ ಹೆಚ್ಚು ಬಿಸಿಯಾದ ಜಾಗ) ಅಂಕಿಯನ್ನೂ ನೋಡಿ. ಮೆಮೊರಿಯದು ತೋರಿಸುವ ಕಾರ್ಡ್ ಆದರೆ ಅದನ್ನೂ ನೋಡಿ. ಮೊದಲೆರಡರ ನಡುವೆ 10–15 ಡಿಗ್ರಿ ವ್ಯತ್ಯಾಸ ಇದ್ದರೆ ಚೆನ್ನಾಗಿಯೇ ಕೂತಿದೆ. 30 ದಾಟಿದರೆ ಇನ್ನೊಮ್ಮೆ ಬಿಚ್ಚಿ, ಪೇಸ್ಟ್ ಯಾವ ಮೂಲೆಯಲ್ಲಿ ಒತ್ತಿಲ್ಲ ಅಂತ ನೋಡಿ.